20ನೇ ತಾರೀಖು ಕಳೆದ ಮೇಲೆ ಕೆಲಸ ಕೇಳಿದೆ

ಬಿ.ಕಾಂ. ಎರಡನೇ ವರ್ಷದಲ್ಲಿ ನನ್ನ ಹತ್ತಿರ ಒಳ್ಳೆಯ ಅಂಕಗಳಿದ್ದವು, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಕೋರ್ಸ್ ಮಾಡಿದ ಸರ್ಟಿಫಿಕೇಟ್ ಇತ್ತು. ಹೊಸನಗರದ ಕಡೆಯ ನಮ್ಮೂರಿಗೆ ರಜೆಗೆ ಹೋದಾಗ ಅಪ್ಪಯ್ಯ ಮಂಡಿಯಿಂದ ತಂದ ಅಡಿಕೆ ಪಟ್ಟಿ ಕೈಗೆ ಕೊಟ್ಟು, "ಏನೇನು ಮುರಿದುಕೊಂಡಿದ್ದಾರೆ ನೋಡು" ಅಂದರು. ನನಗೆ ಪೂರ್ತಿ ಅರ್ಥವಾಗಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಓದುತ್ತಿರುವುದು ಕಾಮರ್ಸ್, ಮನೆಯ ಲೆಕ್ಕವೇ ತಿಳಿಯುವುದಿಲ್ಲ ಅಂದರೆ ಹೇಗೆ?

ಶಿವಮೊಗ್ಗಕ್ಕೆ ವಾಪಸ್ ಬಂದವಳೇ ದುರ್ಗಿಗುಡಿ ಸುತ್ತಮುತ್ತ ತೆರಿಗೆ ಸಲಹೆಗಾರರ ಆಫೀಸುಗಳಿಗೆ ಹೋಗಿ ಕೆಲಸ ಕೇಳಿದೆ. ಎರಡು ಕಡೆ ತಲೆ ಎತ್ತಿಯೂ ನೋಡಲಿಲ್ಲ. ಕಾರಣ ಆಮೇಲೆ ತಿಳಿಯಿತು: ನಾನು ಹೋದದ್ದು 18ನೇ ತಾರೀಖು. ತಿಂಗಳು ತಿಂಗಳು ಜಿಎಸ್‌ಟಿ ಸಲ್ಲಿಸುವ ವ್ಯಾಪಾರಿಗಳಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ತೆರಿಗೆಯ ಲೆಕ್ಕ ಕೊಟ್ಟು ಕಟ್ಟುವ 3ಬಿಗೆ 20 ಕೊನೆಯ ದಿನ. ಆ ಹತ್ತು ದಿನ ಅಲ್ಲಿ ಯಾರಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ.

ಮೂರನೇ ಆಫೀಸಿಗೆ 22ಕ್ಕೆ ಹೋದೆ. "ಕ್ಲಾಸ್ ಮುಗಿಸಿ ಮಧ್ಯಾಹ್ನ ಎರಡಕ್ಕೆ ಬರ್ತೀನಿ ಸರ್. ನಿಮಗೆ ಜಾಸ್ತಿ ಕೆಲಸ ಇರುವ ದಿನಗಳಲ್ಲಿ ಒಂದು ದಿನವೂ ತಪ್ಪಿಸೋದಿಲ್ಲ" ಅಂದೆ. ಕೆಲಸ ಸಿಕ್ಕಿದ್ದು ಆ ಎರಡನೇ ಮಾತಿನಿಂದಲೇ ಅಂತ ನನ್ನ ನಂಬಿಕೆ.

ಮೊದಲು ಕೊಟ್ಟದ್ದು ಖರೀದಿ ಬಿಲ್ಲುಗಳನ್ನು ಟ್ಯಾಲಿಗೆ ಹಾಕುವ ಕೆಲಸ. ಮಳೆಗಾಲ. ಬಿಲ್ಲುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಫ್ಯಾನ್ ಕೆಳಗೆ ಹರಡಿ, ಒಣಗಿಸಿ, ತಾರೀಖಿನ ಪ್ರಕಾರ ಜೋಡಿಸಬೇಕಿತ್ತು. 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ಮಾಲು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬಂದ ಮೇಲೆ ನಮ್ಮ ಲೆಕ್ಕವನ್ನು ಅದರ ಜೊತೆ ತಾಳೆ ನೋಡುವುದು. ಎರಡನೇ ತಿಂಗಳು ಒಬ್ಬ ವ್ಯಾಪಾರಿಯ ಲೆಕ್ಕ ಎಷ್ಟು ಮಾಡಿದರೂ ತಾಳೆಯಾಗಲಿಲ್ಲ. ಆಫೀಸಿನ ಅಕ್ಕ ನನ್ನ ಪಕ್ಕ ಕೂತು, "ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡು ಮಾರಾಯ್ತಿ" ಅಂದರು. 27 ಇತ್ತು. ಅಂದರೆ ಮಹಾರಾಷ್ಟ್ರದ ಮಾಲು. ಕರ್ನಾಟಕದ್ದಾದರೆ 29 ಇರಬೇಕು. ಹೊರರಾಜ್ಯದ ಬಿಲ್ಲಿಗೆ ಐಜಿಎಸ್‌ಟಿ ಶೇ. 18 ಹಾಕುವ ಬದಲು ನಾನು ರಾಜ್ಯದೊಳಗಿನ ಬಿಲ್ಲಿನ ಹಾಗೆ ಕೇಂದ್ರದ ಸಿಜಿಎಸ್‌ಟಿ ಶೇ. 9, ರಾಜ್ಯದ ಎಸ್‌ಜಿಎಸ್‌ಟಿ ಶೇ. 9 ಅಂತ ಒಡೆದು ಹಾಕಿದ್ದೆ. ಒಟ್ಟು ಮೊತ್ತ ಒಂದೇ ಬರುತ್ತದೆ, ಅದಕ್ಕೇ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ಪಾಠದಲ್ಲಿ ಇದನ್ನು ಓದಿ ಅಂಕವನ್ನೂ ತೆಗೆದಿದ್ದೆ. ಕೈಗೆ ಬಂದದ್ದು ಮಾತ್ರ ಅವತ್ತು.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಏನು ತಪ್ಪಾಯಿತು, ಹೇಗೆ ಸಿಕ್ಕಿತು, ಹೇಗೆ ಸರಿ ಮಾಡಿದೆವು, ಇಷ್ಟೇ ಬರೆಯುತ್ತಿದ್ದೆ. ವ್ಯಾಪಾರಿಗಳ ಹೆಸರು ಮಾತ್ರ ಬರೆಯುತ್ತಿರಲಿಲ್ಲ. ಅದು ಆಫೀಸಿನ ಹೊರಗೆ ಹೋಗಬಾರದ ವಿಷಯ.

ಹಣದ ವಿಷಯವನ್ನೂ ಹೇಳಬೇಕು. ಮೊದಲ ಮೂರು ತಿಂಗಳು ಸಂಬಳ ಇರಲಿಲ್ಲ. ಆಮೇಲೆ ಧೈರ್ಯ ಮಾಡಿ ಕೇಳಿದೆ, ಕೊಟ್ಟರು. ಕಲಿಯುವ ಹೆಸರಲ್ಲಿ ವರ್ಷಗಟ್ಟಲೆ ಪುಕ್ಕಟೆ ದುಡಿಯುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಇಂಗ್ಲಿಷ್‌ಗೆ ನಾನು ಬೇರೆ ಕ್ಲಾಸಿಗೆ ಹೋಗಲಿಲ್ಲ. ಗೆಳತಿಯ ಜೊತೆ ಸಂಜೆ ತುಂಗಾ ಸೇತುವೆ ಕಡೆ ನಡೆಯುವಾಗ ಅವತ್ತು ಮಾಡಿದ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಮಾಡಿದ ಕೆಲಸವಾದ್ದರಿಂದ ಪದಗಳು ತಡವರಿಸಿದರೂ ಮಾತು ನಿಲ್ಲುತ್ತಿರಲಿಲ್ಲ.

ಕೊನೆಯ ವರ್ಷ ರೆಸ್ಯೂಮೆಯಲ್ಲಿ "ಟ್ಯಾಲಿ ಗೊತ್ತು" ಅನ್ನುವ ಸಾಲು ತೆಗೆದು, "14 ವ್ಯಾಪಾರಿಗಳ ಖರೀದಿಯನ್ನು ಪ್ರತಿ ತಿಂಗಳು 2ಬಿ ಜೊತೆ ತಾಳೆ ನೋಡಿದ್ದೇನೆ" ಅಂತ ಬರೆದೆ. ಬೆಂಗಳೂರಿನ ಸಂದರ್ಶನದಲ್ಲಿ ಅಂಕಪಟ್ಟಿ ನೋಡಿ ಪಕ್ಕಕ್ಕಿಟ್ಟರು, ಈ ಸಾಲಿನ ಮೇಲೆ ಬೆರಳಿಟ್ಟು, ತಾಳೆಯಾಗದಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. 27ರ ಕಥೆ ಹೇಳಿದೆ. ಇಪ್ಪತ್ತು ನಿಮಿಷ ಬರೀ ಅದರ ಮೇಲೆಯೇ ಮಾತಾಯಿತು. ಆ ಕೆಲಸ ಸಿಕ್ಕಿತು.

ದುರ್ಗಿಗುಡಿಯ ಆ ಕುರ್ಚಿಯಲ್ಲಿ ಈಗ ತೀರ್ಥಹಳ್ಳಿ ಕಡೆಯ ಹುಡುಗಿ ಕೂರುತ್ತಾಳೆ. ನನ್ನ ನೋಟ್‌ಬುಕ್ ಅವಳ ಹತ್ತಿರ ಇದೆ.