ಬಳ್ಳಾರಿ ಬಾಯಿ, ಸೀರಿಯಲ್ ಮಾತು: ನಾನು ಅಭ್ಯಾಸ ಮಾಡಿದ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಸೀರಿಯಲ್‌ಗೆ ಬರಬೇಕೆನ್ನುವ ಹುಡುಗಿಯರು ಮೊದಲು ಕೇಳುವುದು ಫೋಟೊ ಎಲ್ಲಿ ತೆಗೆಸಬೇಕು, ಯಾರನ್ನು ಭೇಟಿಯಾಗಬೇಕು ಎಂದು. ಸೀರಿಯಲ್ ನಟಿಯಾದ ನಾನು ತಿರುಗಿ ಕೇಳುವುದು ಒಂದೇ: ಸೀನ್ ಪೇಪರ್, ಅಂದರೆ ಸೀನಿನ ಮಾತು ಬರೆದ ಹಾಳೆ, ಕೈಗೆ ಬಂದ ಅರ್ಧ ಗಂಟೆಯಲ್ಲಿ ಒಂದೂವರೆ ಪುಟದ ಮಾತು ಬಾಯಿಗೆ ಬರುತ್ತದಾ? ದೂರದರ್ಶನದ ಹದಿಮೂರು ವಾರದ ಧಾರಾವಾಹಿಗಳ ಕಾಲದಲ್ಲಿ ವಾರಕ್ಕೊಂದು ಕಂತು ಸಾಕಿತ್ತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ ಬಂದ ಮೇಲೆ ದಿನದ ಸೀರಿಯಲ್ ಬೆಳೆಯಿತು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಸುಮಾರು 22 ನಿಮಿಷ ಉಳಿಯುತ್ತದೆ. ವಾರಕ್ಕೆ ಐದು ಕಂತೆಂದರೂ 110 ನಿಮಿಷ ತುಂಬಿಸಬೇಕು. ಪೇಪರ್ ಬೆಳಿಗ್ಗೆ ಸೆಟ್‌ಗೇ ಬರುತ್ತದೆ, ಕೆಲವೊಮ್ಮೆ ಶಾಟ್‌ಗೆ ಮುಂಚೆ ಮೊಬೈಲ್‌ಗೆ ಬರುತ್ತದೆ. ಹೀಗಾಗಿ ಬಾಯಿ ಮೊದಲೇ ಪಳಗಿರಬೇಕು.

ನಮ್ಮ ಕಡೆಯವರ ಬಾಯಲ್ಲಿ ಪದದ ಕೊನೆಯ ಎಕಾರ ನಿಲ್ಲುವುದಿಲ್ಲ. ಮನೆ ಮನಿ ಆಗುತ್ತದೆ, ಶಾಲೆ ಸಾಲಿ ಆಗುತ್ತದೆ, ನನಗೆ ಎನ್ನುವುದು ನನಗ ಆಗುತ್ತದೆ. ‘ಮಾಡಾಕತ್ತೀನಿ’ಯನ್ನು ‘ಮಾಡ್ತಾ ಇದ್ದೀನಿ’ ಮಾಡಿಕೊಳ್ಳುವುದು ಕಷ್ಟವಲ್ಲ, ಅದು ಪೇಪರಿನಲ್ಲೇ ಬರೆದಿರುತ್ತದೆ. ಕೊನೆಯ ಸ್ವರದ ಕಥೆ ಬೇರೆ. ಸಾಮಾನ್ಯ ಸೀನಿನಲ್ಲಿ ಸರಿಯಾಗಿ ಬಂದದ್ದು ಸಿಟ್ಟಿನಲ್ಲಿ, ಅಳುವಿನಲ್ಲಿ ಜಾರಿಬಿಡುತ್ತದೆ, ಯಾಕೆಂದರೆ ಆಗ ಗಮನವೆಲ್ಲ ಭಾವದ ಮೇಲಿರುತ್ತದೆ. ಇದಕ್ಕೆ ನಾನು ಮಾಡುವ ಅಭ್ಯಾಸ ಹೀಗೆ: ದಿನಪತ್ರಿಕೆಯ ಒಂದು ಕಾಲಂ ತೆಗೆದುಕೊಂಡು ಎಕಾರದಲ್ಲಿ ಮುಗಿಯುವ ಪದಗಳಿಗೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕುವುದು. ಮೊದಲ ಸಲ ನಿಧಾನವಾಗಿ, ಎರಡನೆಯ ಸಲ ಮಾತಿನ ವೇಗದಲ್ಲಿ, ಮೂರನೆಯ ಸಲ ಅದೇ ಸುದ್ದಿಯನ್ನು ಯಾರನ್ನೋ ಬೈಯುವ ಹಾಗೆ ಓದುವುದು. ಮೂರನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಬೇಕು. ಅದೇ ದಿನ ಕೇಳಿದರೆ ಕಿವಿ ತಪ್ಪನ್ನು ಹಿಡಿಯುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ತಪ್ಪಿಸಬಾರದು. ಎಕಾರ ಬಾಯಲ್ಲಿ ನೆಲೆಯಾದ ಮೇಲೆ ಶಕಾರ, ಸಕಾರದ ವ್ಯತ್ಯಾಸ. ಆಮೇಲೆ ಭ, ಧ, ಘದಂಥ ಮಹಾಪ್ರಾಣಗಳು. ಮನೆಯಲ್ಲಿ ತೆಲುಗು ಆಡುವವರು ರಾಗವನ್ನೂ ನೋಡಿಕೊಳ್ಳಬೇಕು. ಪ್ರಶ್ನೆಯ ಕೊನೆ ಎಳೆದು ಮೇಲಕ್ಕೆ ಹೋದರೆ ಉಚ್ಚಾರ ಎಷ್ಟೇ ಚೊಕ್ಕವಿದ್ದರೂ ಗೊತ್ತಾಗುತ್ತದೆ.

ಹಾಗೆಂದು ಊರಿನ ಮಾತನ್ನು ಬಿಟ್ಟುಬಿಡಬೇಡಿ. ಉತ್ತರ ಕರ್ನಾಟಕದ ಪಾತ್ರ ಬಂದಾಗ ಪೇಪರಿನಲ್ಲಿ ಎಲ್ಲ ವಾಕ್ಯದ ಕೊನೆಗೂ ಒಂದು ‘ಐತಿ’, ಒಂದು ‘ರೀ’ ಅಂಟಿಸಿರುವುದುಂಟು. ಪಾತ್ರ ಯಾವ ಜಿಲ್ಲೆಯದು, ಯಾವ ಮನೆತನದ್ದು ಎಂದು ಕೇಳಿ, ಮಾತನ್ನು ತಿದ್ದಿ, ಮೇಕಪ್ ಆಗುವಾಗಲೇ ಅಸೋಸಿಯೇಟ್ ಡೈರೆಕ್ಟರಿಗೆ ತೋರಿಸಬೇಕು. ಲೈಟಿಂಗ್ ಆದ ಮೇಲೆ ತಕರಾರು ತೆಗೆದರೆ ಯಾರೂ ಕೇಳುವುದಿಲ್ಲ, ಕೇಳುವ ಸಮಯವೂ ಇರುವುದಿಲ್ಲ. ಧಾರವಾಡದ ಮಾತೇ ಬೇರೆ, ಸಿರುಗುಪ್ಪದ ಮಾತೇ ಬೇರೆ ಎಂದು ಹೇಳುವ ಹಕ್ಕು ನಮ್ಮದು, ಅದನ್ನು ಮೆಲ್ಲಗೆ, ಹೊತ್ತಿಗೆ ಸರಿಯಾಗಿ ಹೇಳಬೇಕು.

ನಮ್ಮೂರು ಬಳ್ಳಾರಿಗೆ ರಂಗಭೂಮಿಯ ಬಲ ದೊಡ್ಡದು. ಬಳ್ಳಾರಿ ರಾಘವ, ಜೋಳದರಾಶಿ ದೊಡ್ಡನಗೌಡ, ರಂಗಗೀತೆಯ ಸುಭದ್ರಮ್ಮ ಮನ್ಸೂರ್ ಅವರ ಊರು ಇದು. ನಾಟಕ ಮಾಡಿ ಬಂದವರಿಗೆ ಮಾತು ಬೇಗ ಬಾಯಿಪಾಠ ಆಗುತ್ತದೆ, ಎದುರಿನವರು ಮಾತು ಬಿಟ್ಟರೂ ತಡಬಡಿಸುವುದಿಲ್ಲ. ಬದಲಿಸಬೇಕಾದದ್ದು ಅಳತೆ. ಕಂಪನಿ ನಾಟಕದಲ್ಲಿ ಕೊನೆಯ ಸಾಲಿಗೆ ಕೇಳಲೆಂದು ಕೊನೆಯ ಅಕ್ಷರ ಎಳೆಯುತ್ತೇವೆ, ಹುಬ್ಬು ಏರಿಸುತ್ತೇವೆ. ಕ್ಲೋಸಪ್‌ನಲ್ಲಿ ಮುಖವೇ ಪರದೆ ತುಂಬಿರುತ್ತದೆ, ಅಲ್ಲಿ ಹುಬ್ಬು ಒಂದು ನೂಲಿನಷ್ಟು ಎದ್ದರೂ ಸಾಕು. ದನಿಯನ್ನು ನಾಲ್ಕು ಅಡಿ ದೂರದಲ್ಲಿ ಕೂತವರಿಗೆ ಕೇಳಿಸುವಷ್ಟಕ್ಕೆ ಇಳಿಸಿ, ಆದರೆ ಉಸಿರಿನ ಬಲ ಇಳಿಸಬೇಡಿ. ದನಿಯ ಜೊತೆ ಉಸಿರನ್ನೂ ಇಳಿಸಿದರೆ ವಾಕ್ಯದ ಕೊನೆಯ ಕ್ರಿಯಾಪದ ನುಂಗಿಹೋಗುತ್ತದೆ. ತರಬೇತಿ ಬೇಕೆನ್ನುವವರಿಗೆ 1980ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಇದೆ. ಕಲಬುರಗಿಯಲ್ಲಿ ಸರ್ಕಾರದ ರಂಗಸಂಸ್ಥೆ ರಂಗಾಯಣ ಇದೆ.

ಆಡಿಷನ್ ವಿಡಿಯೊಕ್ಕೆ ಸ್ಟುಡಿಯೊ ಬೇಕಿಲ್ಲ. ಕಿಟಕಿಗೆ ಮುಖ ಮಾಡಿ ನಿಂತು, ಫೋನನ್ನು ಕಣ್ಣಿನ ಮಟ್ಟಕ್ಕೆ ಇಟ್ಟು, ಫಿಲ್ಟರ್ ತೆಗೆದು ಮಾಡಿ. ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು; ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮುಖ ತಿರುಗಿಸಿ, ಆಮೇಲೆ ಒಂದು ನಿಮಿಷದ ಮಾತು. ಪಾತ್ರ ಕೊಡಿಸಲು ದುಡ್ಡು ಕೇಳಿದರೆ ಅದು ಆಡಿಷನ್ ಅಲ್ಲ, ಅಲ್ಲಿಗೇ ಬಿಡಿ.

ಸೆಟ್‌ನಲ್ಲಿ ಹೊಸಬರು ಎಡವುವುದು ಪ್ರಾಂಪ್ಟಿಂಗ್‌ನಲ್ಲಿ, ಅಂದರೆ ಕ್ಯಾಮೆರಾದ ಆಚೆಯಿಂದ ಹೇಳಿಕೊಡುವ ಮಾತನ್ನು ಹಿಡಿಯುವಲ್ಲಿ. ಪ್ರಾಂಪ್ಟರ್ ಪೂರ್ತಿ ವಾಕ್ಯ ಹೇಳಿ ಮುಗಿಸುವವರೆಗೆ ಕಾದರೆ ಮುಖ ಖಾಲಿಯಾಗುತ್ತದೆ, ಕಣ್ಣು ತಾನಾಗಿ ದನಿ ಬಂದ ಕಡೆ ಹೊರಳುತ್ತದೆ. ಮೊದಲ ಎರಡು ಪದ ಕಿವಿಗೆ ಬಿದ್ದೊಡನೆ ಮಾತು ಹೊರಡಬೇಕು, ಅದಕ್ಕೆ ಸೀನಿನ ಅರ್ಥ ಮೊದಲೇ ತಲೆಯಲ್ಲಿರಬೇಕು. ಲೈವ್ ಸೌಂಡ್ ಇದ್ದರೆ, ಅಂದರೆ ಮಾತು ಸೆಟ್‌ನಲ್ಲೇ ರೆಕಾರ್ಡ್ ಆಗುವುದಾದರೆ, ಪ್ರಾಂಪ್ಟರ್ ದನಿ ನಿಮ್ಮ ಮಾತಿನ ಮೇಲೆ ಬೀಳುವಂತಿಲ್ಲ. ಆಗ ಉದ್ದ ಮಾತನ್ನು ಎಲ್ಲಿ ಮುರಿಯಬೇಕೆಂದು ಇಬ್ಬರೂ ಮೊದಲೇ ಗುರುತು ಹಾಕಿಕೊಳ್ಳಿ. ನಿಮ್ಮ ಪಾತ್ರಕ್ಕೆ ಬೇರೆಯವರು ಡಬ್ ಮಾಡಿದರೂ ಬಾಯಿ ಸಡಿಲ ಬಿಡಬಾರದು. ಪ, ಬ, ಮಗಳಲ್ಲಿ ತುಟಿ ಮುಚ್ಚುವುದನ್ನೇ ಡಬ್ಬಿಂಗ್‌ನವರು ಹಿಡಿದು ಮಾತು ಕೂಡಿಸುತ್ತಾರೆ. ‘ಮನಿ’ ಎಂದಾಗ ಬಾಯಿ ತೆರೆಯುವ ಅಳತೆ ಸ್ವಲ್ಪ ಬೇರೆ, ಅದರ ಮೇಲೆ ‘ಮನೆ’ ಚೊಕ್ಕವಾಗಿ ಕೂರುವುದಿಲ್ಲ.

ಮಾತಿಗಿಂತ ಹೆಚ್ಚು ಸಮಯ ಪರದೆಯ ಮೇಲೆ ಉಳಿಯುವುದು ರಿಯಾಕ್ಷನ್. ನನ್ನ ಪ್ರಕಾರ ಸೀರಿಯಲ್ ನಟಿಯ ನಿಜವಾದ ಕೆಲಸ ಇದೇ. ಒಂದೇ ಕ್ಯಾಮೆರಾ ಇದ್ದರೆ ಮೊದಲು ಎಲ್ಲರೂ ಕಾಣುವ ಮಾಸ್ಟರ್, ಆಮೇಲೆ ಎದುರಿನವರ ಭುಜದ ಮೇಲಿಂದ ತೆಗೆಯುವ ಸಜೆಷನ್, ಕೊನೆಗೆ ಮುಖ ಮಾತ್ರ ಕಾಣುವ ಕ್ಲೋಸ್. ಕ್ಲೋಸ್ ಹೊತ್ತಿಗೆ ಎದುರಿನ ಕಲಾವಿದರು ಹೊರಟುಹೋಗಿರಬಹುದು. ಲೆನ್ಸ್ ಪಕ್ಕದಲ್ಲಿ ಯಾರೋ ಹಿಡಿದ ಮುಷ್ಟಿಯನ್ನು ನೋಡಿ ಬೆಚ್ಚಬೇಕು, ಅಳಬೇಕು. ಮೊದಲು ಕೇಳಬೇಕಾದದ್ದು ಲುಕ್, ಅಂದರೆ ನೋಟ, ಎಡಕ್ಕೋ ಬಲಕ್ಕೋ ಎಂದು. ಅದು ತಪ್ಪಿದರೆ ಎಡಿಟಿಂಗ್‌ನಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಾ ಮಾತಾಡಿದ ಹಾಗೆ ಕಾಣುತ್ತದೆ. ‘ಷಾಕ್ ಕೊಡಿ’ ಎಂದಾಗ ಬರೀ ಕಣ್ಣರಳಿಸಿದರೆ ಎಲ್ಲ ಷಾಕೂ ಒಂದೇ ಆಗುತ್ತದೆ. ಆ ಕ್ಷಣ ಪಾತ್ರ ಒಳಗೆ ಹೇಳಿಕೊಳ್ಳುವ ಒಂದು ವಾಕ್ಯ ಇಟ್ಟುಕೊಳ್ಳುತ್ತೇನೆ. ‘ಇವಳಿಗೆ ಹೇಗೆ ಗೊತ್ತಾಯ್ತು’ ಎಂಬುದಕ್ಕೂ ‘ಇನ್ನು ನನ್ನನ್ನು ಯಾರೂ ನಂಬಲ್ಲ’ ಎಂಬುದಕ್ಕೂ ಮುಖ ತಾನಾಗಿ ಬೇರೆಯಾಗುತ್ತದೆ. ಆ್ಯಕ್ಷನ್‌ಗೆ ಮುಂಚೆ ಕಣ್ಣು ಮಿಟುಕಿಸಿ ಮುಗಿಸಿ. ಕೊನೆಯಲ್ಲಿ ಕಟ್ ಎನ್ನುವವರೆಗೆ ಹಿಡಿದಿರಿ, ಸಂಗೀತ ಹಾಕಲು ಎಡಿಟರಿಗೆ ಆ ಬಾಲ ಬೇಕು.

ಗ್ಲಿಸರಿನ್ ಅನ್ನು ಕಣ್ಣಿನೊಳಗೆ ಸುರಿಯುವುದಲ್ಲ, ಕೆಳರೆಪ್ಪೆಯ ಅಂಚಿಗೆ ಬೆರಳ ತುದಿಯಿಂದ ಒಂದಿಷ್ಟು ಮುಟ್ಟಿಸುವುದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ತೆಗೆಯಿರಿ. ಮಾಸ್ಟರ್‌ಗೇ ಹಾಕಿಕೊಂಡರೆ ಕ್ಲೋಸ್ ಬರುವಷ್ಟರಲ್ಲಿ ಕಣ್ಣು ಕೆಂಪಾಗಿ ಊದಿರುತ್ತದೆ. ನೀರು ಯಾವ ಕೆನ್ನೆಯ ಮೇಲೆ, ಎಲ್ಲಿಯವರೆಗೆ ಇಳಿದಿತ್ತು ಎಂಬುದೂ ಕಂಟಿನ್ಯುಟಿಯೇ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬದಲಾಗದಂತೆ ನೋಡಿಕೊಳ್ಳಬೇಕಾದದ್ದು.

ಕಂಟಿನ್ಯುಟಿ ನೋಡಲು ಅಸಿಸ್ಟೆಂಟ್ ಇದ್ದರೂ ನಾನೇ ಫೋಟೊ ಇಡುತ್ತೇನೆ: ಮುಂದೆ, ಹಿಂದೆ, ಎರಡೂ ಕೈಯ ಬಳೆ, ಹೂವು ಮುಡಿದ ಕಡೆ, ಬೊಟ್ಟಿನ ಅಳತೆ, ತಾಳಿ ಸೆರಗಿನ ಒಳಗೋ ಹೊರಗೋ. ಬಾಗಿಲು ದಾಟುವ ಸೀನಿನ ಒಳಭಾಗ ಇವತ್ತು, ಬೀದಿ ಭಾಗ ಹತ್ತು ದಿನ ಬಿಟ್ಟು ತೆಗೆಯುತ್ತಾರೆ. ಕನ್ನಡ ಸೀರಿಯಲ್‌ಗಳಲ್ಲಿ ಸೀರೆ, ಬ್ಲೌಸು ಬಹಳ ಸಲ ನಟಿಯ ಖರ್ಚೇ. ಸಣ್ಣ ಚೌಕಳಿ, ತೆಳು ಗೆರೆಯ ಸೀರೆ ಬೇಡ, ಕ್ಯಾಮೆರಾದಲ್ಲಿ ಕಣ್ಣು ಕುಕ್ಕುವ ಹಾಗೆ ಅಲೆಯಾಡುತ್ತದೆ. ಅಚ್ಚ ಬಿಳಿಯ ಸೀರೆ ಲೈಟಿಗೆ ಸುಟ್ಟಂತೆ ಕಾಣುತ್ತದೆ. ಬಟ್ಟೆಗೆ ಸಿಕ್ಕಿಸುವ ಲ್ಯಾಪೆಲ್ ಮೈಕ್ ಇರುವಾಗ ಗಂಜಿ ಹಾಕಿದ ಸೀರೆಯ ಸರಸರ, ಗಾಜಿನ ಬಳೆಯ ಸದ್ದು ಎರಡೂ ಮಾತಿನೊಳಗೆ ನುಗ್ಗುತ್ತವೆ.

ಅಗ್ರಿಮೆಂಟ್‌ನಲ್ಲಿ ಇವು ಬರಹದಲ್ಲಿರಬೇಕು: ಒಂದು ಕಾಲ್‌ಶೀಟ್ (ಒಂದು ಪಾಳಿಯ ಕೆಲಸ) ಎಷ್ಟು ಗಂಟೆ, ತಿಂಗಳಿಗೆ ಕನಿಷ್ಠ ಎಷ್ಟು ದಿನ, ಶೂಟಿಂಗ್ ರದ್ದಾದರೆ ಏನು, ಪೇಮೆಂಟ್ ಎಷ್ಟು ದಿನಕ್ಕೆ, ಬೇರೆ ಚಾನೆಲ್‌ಗೆ ಹೋಗಬಹುದಾ, ಬಿಡುವುದಾದರೆ ಎಷ್ಟು ಮುಂಚೆ ತಿಳಿಸಬೇಕು. ದುಡ್ಡು ಬರುವುದು ಎರಡು ಮೂರು ತಿಂಗಳು ತಡವಾಗಬಹುದು, ಬೆಂಗಳೂರಿಗೆ ಬರುವಾಗ ಅಷ್ಟು ದಿನದ ಬಾಡಿಗೆ, ಊಟದ ಹಣ ಕೈಯಲ್ಲಿರಲಿ. 10% ಟಿಡಿಎಸ್, ಅಂದರೆ ಮೂಲದಲ್ಲೇ ಆದಾಯ ತೆರಿಗೆ, ಹಿಡಿದು ಕೊಡುತ್ತಾರೆ, ರಿಟರ್ನ್ ಸಲ್ಲಿಸಿದರೆ ಕಟ್ಟಬೇಕಾದ ತೆರಿಗೆಗಿಂತ ಹೆಚ್ಚು ಹಿಡಿದದ್ದು ವಾಪಸು ಬರುತ್ತದೆ. ವರ್ಷದ ಸಂಭಾವನೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಿನಾಂಕ, ಬಂದ ಹೊತ್ತು, ಬಿಟ್ಟ ಹೊತ್ತು, ಸೀನ್ ನಂಬರ್ ಒಂದು ನೋಟ್‌ಬುಕ್‌ನಲ್ಲಿ ಬರೆದು ಮ್ಯಾನೇಜರ್ ಸಹಿ ಹಾಕಿಸಿ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಯಾರಿದ್ದಾರೆ ಎಂದು ಮೊದಲ ದಿನವೇ ಕೇಳಿ, ಅದರಲ್ಲಿ ಸಂಕೋಚ ಬೇಡ.

ಸೀರಿಯಲ್ ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ತಿಂಗಳುಗಳಲ್ಲಿ ನಮ್ಮ ಭಾಗದ ಜಾತ್ರೆ ನಾಟಕಗಳು ಕೈ ಹಿಡಿಯುತ್ತವೆ. ಟಿವಿಯಲ್ಲಿ ಕಂಡ ಮುಖವೆಂದು ಕರೆಯುತ್ತಾರೆ, ಆದರೆ ಹಾರ್ಮೋನಿಯಂ ಶ್ರುತಿಗೆ ಹಾಡಲು ಬಂದರೆ ಮಾತ್ರ ಮರುವರ್ಷವೂ ಕರೆಯುತ್ತಾರೆ. ಅರ್ಧ ದುಡ್ಡು ಮುಂಗಡ, ಹೋಗಿಬರುವ ಗಾಡಿ, ಜೊತೆಗೆ ಬರುವವರೊಬ್ಬರ ಊಟ, ವಸತಿ ಇಷ್ಟನ್ನು ಮೊದಲೇ ಮಾತಾಡಿಕೊಳ್ಳಿ. ಬೆಳತನಕ ನಾಟಕ ಮಾಡಿದ ಗಂಟಲಿಗೆ ಕನಿಷ್ಠ ಎರಡು ದಿನ ಬಿಡುವು ಬೇಕು, ಆ ದಿನಗಳಿಗೆ ಶೂಟಿಂಗನ್ನಾಗಲಿ ಡಬ್ಬಿಂಗನ್ನಾಗಲಿ ಒಪ್ಪಿಕೊಳ್ಳಬೇಡಿ.