ಕೊಡಗಿನ ಊಟ ಬಿಡದೆ, ಬಸುರಿ ಆಗೋ ಮುಂಚೆನೇ ತೂಕ ಸರಿ ಮಾಡ್ಕೊಳ್ಳೋದು ಹೇಗೆ

ಯಾಕೆ ಅಂತ ಮೊದ್ಲು ಹೇಳ್ತೀನಿ. ಹೊಟ್ಟೆಲಿರೋ ಮಗುವಿನ ರಕ್ತದ ಸ್ಟೆಮ್ ಸೆಲ್‌ಗಳು ಅದರ ಲಿವರ್‌ನಲ್ಲಿ ಹೆಚ್ಕೊಂಡು ಆಮೇಲೆ ಮೂಳೆ ಮಜ್ಜೆಗೆ ಹೋಗಿ ಸೇರ್ತವೆ, ಜೀವನಪೂರ್ತಿ ರಕ್ತ ಕೊಡೋ ಬಿತ್ತನೆ ಬೀಜ ಅದೇ. ತಾಯಿಗೆ ಬೊಜ್ಜಿದ್ರೆ ಈ ಬೀಜ ಸರಿಯಾಗಿ ಹೆಚ್ಚಲ್ಲ ಅಂತ ಇಲಿಗಳಲ್ಲಿ ನೋಡಿದಾರೆ. ಗಂಡು ಹೆಣ್ಣು ವ್ಯತ್ಯಾಸನೂ ಇದೆ, ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್‌ನಿಂದಾಗಿ ಹೆಣ್ಣಿಲಿಗಳಲ್ಲಿ ಈ ಸೆಲ್‌ಗಳು ಗಂಡಿಲಿಗಿಂತ ಜಾಸ್ತಿ ಸಲ ಒಡೆದು ಎರಡಾಗ್ತವೆ ಅಂತ 2014ರಲ್ಲೇ ಗೊತ್ತಾಯ್ತು, ಹಾಗಾಗಿ ಅಮ್ಮನ ಬೊಜ್ಜಿನ ಪೆಟ್ಟು ಇಬ್ರಿಗೂ ಒಂದೇ ಥರ ಬೀಳುತ್ತೆ ಅನ್ಕೊಳ್ಳೋಕಾಗಲ್ಲ. ಅದಕ್ಕೇಂತ ಗಂಡಾ ಹೆಣ್ಣಾ ಅಂತ ಸ್ಕ್ಯಾನಿಂಗ್‌ನಲ್ಲಿ ಕೇಳ್ಬೇಡಿ, 1994ರ ಕಾಯ್ದೆ ಪ್ರಕಾರ ಕೇಳೋದೂ ಅಪರಾಧ ಹೇಳೋದೂ ಅಪರಾಧ, ಮತ್ತೆ ನೀವು ಮಾಡ್ಬೇಕಾದ ತಯಾರಿ ಇಬ್ರಿಗೂ ಒಂದೇ.

ಮದ್ವೆ ಆಗಿ ಮಗು ಬೇಕು ಅಂದ್ಕೊಂಡಾಗಲೇ ಬಿಎಂಐ ಲೆಕ್ಕ ಹಾಕಿ, ಅಂದ್ರೆ ಕೆಜಿ ತೂಕನ ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. 155 ಸೆಂಟಿಮೀಟರ್ ಎತ್ತರ 65 ಕೆಜಿ ತೂಕ ಇದ್ರೆ 27 ಬರುತ್ತೆ, ನಮ್ಮ ದೇಶದವರಿಗೆ 25 ದಾಟಿದ್ರೇ ಬೊಜ್ಜು ಅಂತ ಲೆಕ್ಕ. ತೂಕ ಇಳಿಸೋದು ಈಗ, ಬಸುರಿ ಆದ್ಮೇಲೆ ಉಪವಾಸ ಗಿಪವಾಸ ಖಂಡಿತ ಬೇಡ. ಫೋಲಿಕ್ ಆಸಿಡ್ ಮಾತ್ರೆನೂ ಈಗ್ಲೇ ಡಾಕ್ಟರ್ ಹತ್ರ ಕೇಳಿ ಶುರು ಮಾಡಿ.

ಊಟದ ವಿಷ್ಯ. ಪಂದಿ ಕರಿ (ಹಂದಿ ಸಾರು) ಬಿಡಿ ಅಂತ ನಾನಂತೂ ಹೇಳಲ್ಲ, ಕೊಬ್ಬಿನ ತುಂಡು ಪಕ್ಕಕ್ಕಿಟ್ಟು ನಾಲ್ಕು ಕಡಂಬುಟ್ಟು (ಅಕ್ಕಿ ತರಿ ಉಂಡೆ) ತಿನ್ನೋ ಕಡೆ ಎರಡು ತಿಂದು ಉಳಿದ ಜಾಗಕ್ಕೆ ಸೊಪ್ಪು ತರಕಾರಿ ಪಲ್ಯ ಹಾಕ್ಕೊಳ್ಳಿ. ಅಕ್ಕಿ ರೊಟ್ಟಿ, ನೂಪುಟ್ಟು (ಅಕ್ಕಿ ಶಾವಿಗೆ), ಮಧ್ಯಾಹ್ನ ಅನ್ನ, ಮೂರು ಹೊತ್ತೂ ಅಕ್ಕಿನೇ ಆಗೋದು ನಮ್ಮನೆಗಳ ದೊಡ್ಡ ತೊಂದ್ರೆ. ನಡಿಗೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ 5 ದಿನ, ಕಕ್ಕಡ ತಿಂಗಳ (ಆಟಿ) ಮಳೇಲಿ ತೋಟಕ್ಕೆ ಇಳಿಯೋಕಾಗ್ದಿದ್ರೆ ಜಗಲಿಲೇ ಆ ಕಡೆ ಈ ಕಡೆ ನಡೀರಿ.

ಬಸುರಿ ಆದ್ಮೇಲೆ ಮನೇಲಿ ಎಲ್ರೂ 'ಇಬ್ರಿಗಾಗಿ ತಿನ್ನು ಮಗಳೇ' ಅಂತ ಬಡಿಸ್ತಾರೆ, ಪ್ರೀತಿನೇ ಅದು, ಆದ್ರೆ ಬಿಎಂಐ 25ರಿಂದ 30ರ ಒಳಗಿದ್ದೋರಿಗೆ ಒಂಬತ್ತು ತಿಂಗಳಲ್ಲಿ ಏಳರಿಂದ ಹನ್ನೊಂದೂವರೆ ಕೆಜಿ ಏರಿದ್ರೆ ಸಾಕು, 30 ದಾಟಿದೋರಿಗೆ ಐದರಿಂದ ಒಂಬತ್ತು. ಶುಗರ್ ಟೆಸ್ಟ್ ತಪ್ಪಿಸ್ಬೇಡಿ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಆದ್ಮೇಲೆ 140 ಅಥವಾ ಜಾಸ್ತಿ ಬಂದ್ರೆ ಡಾಕ್ಟರ್ ಹೇಳಿದಂಗೆ ಕೇಳಿ. ಆಶಾ ಅಕ್ಕ ಕೊಡೋ ಕಬ್ಬಿಣದ ಮಾತ್ರೆನ ಕಾಫಿ ಜೊತೆ ನುಂಗ್ಬೇಡಿ, ಕಬ್ಬಿಣ ಮೈಗೆ ಹತ್ತಲ್ಲ, ಮಧ್ಯೆ ಎರಡು ಗಂಟೆ ಬಿಡಿ, ನಿಂಬೆ ನೀರಿನ ಜೊತೆ ತಗೊಂಡ್ರೆ ಇನ್ನೂ ಒಳ್ಳೇದು.