ರೀಸ್ಲಿಂಗ್ ವಿನ್ಸರ್‌ಸೆಕ್ಟ್: ಬಾಟಲಿಯೊಳಗಿನ ಎರಡನೇ ಹುದುಗುವಿಕೆ

ಜರ್ಮನಿಯ ಮೋಸೆಲ್ ಕಣಿವೆಯಂಥ ಕಡೆ ಬೆಳೆಗಾರರು ತಮ್ಮದೇ ತೋಟದ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯಿಂದ ಮಾಡುವ ನೊರೆವೈನ್ ಇದು.

ಮೂಲ ವೈನ್‌ನಲ್ಲಿ (ಮೊದಲ ಹುದುಗುವಿಕೆ ಮುಗಿದ, ಇನ್ನೂ ನೊರೆಯಿಲ್ಲದ ವೈನ್) ಆಲ್ಕೋಹಾಲ್ ಶೇ. 10–11 ಇದ್ದರೆ ಸಾಕು. ಬಾಟಲಿಯಲ್ಲಿ ಇನ್ನೂ ಶೇ. 1ಕ್ಕಿಂತ ತುಸು ಹೆಚ್ಚು ಏರುತ್ತದೆ. ಲೀಟರಿಗೆ 24 ಗ್ರಾಂ ಸಕ್ಕರೆ ಹಾಕಿ: ಪ್ರತಿ 4 ಗ್ರಾಂಗೆ ಸುಮಾರು 1 ಬಾರ್ ಒತ್ತಡ. ವೈನ್‌ನಲ್ಲಿ ಮೊದಲೇ ಉಳಿದ ಸಕ್ಕರೆಯನ್ನು ಅಳೆದು ಇದರಲ್ಲಿ ಕಳೆಯಲೇಬೇಕು, ಇಲ್ಲವಾದರೆ ಬಾಟಲಿ ಸಿಡಿದೀತು. ಯೀಸ್ಟನ್ನು ನೇರವಾಗಿ ಸುರಿಯಬೇಡಿ. ಅದಕ್ಕೆ ವೈನನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಆಲ್ಕೋಹಾಲಿಗೆ ಒಗ್ಗಿಸಿ. ಆತುರಪಟ್ಟರೆ ಹುದುಗುವಿಕೆ ಅರ್ಧಕ್ಕೇ ನಿಲ್ಲುತ್ತದೆ.

ದಪ್ಪ ಗಾಜಿನ ಬಾಟಲಿ, ಲೋಹದ ಮುಚ್ಚಳ, 12 ಡಿಗ್ರಿಯ ನೆಲಮಾಳಿಗೆ. ನಿಯಮದ ಪ್ರಕಾರ ವೈನ್ ಯೀಸ್ಟ್ ಗಸಿಯ (ತಳಕ್ಕಿಳಿದ ಸತ್ತ ಯೀಸ್ಟ್) ಮೇಲೆ ಕನಿಷ್ಠ 9 ತಿಂಗಳು ಇರಬೇಕು. 24 ತಿಂಗಳು ಬಿಟ್ಟರೆ ಬ್ರೆಡ್ಡಿನ ಘಮ ಬರುತ್ತದೆ, ಕಾಯುವುದೇ ಒಳ್ಳೆಯದು. ಆಮೇಲೆ ದಿನವೂ ತಿರುಗಿಸುತ್ತ ಬಾಟಲಿಯನ್ನು ತಲೆಕೆಳಗಾಗಿಸಿ, ಬಾಟಲಿಯ ಕುತ್ತಿಗೆಗೆ ಇಳಿದ ಗಸಿಯನ್ನು ಹೆಪ್ಪುಗಟ್ಟಿಸಿ ಹೊರಹಾರಿಸಿ. ಬ್ರೂಟ್ (ಸಿಹಿ ಕಡಿಮೆಯ ಬಗೆ) ಬೇಕಿದ್ದರೆ ಕೊನೆಗೆ ವೈನ್‌ನಲ್ಲಿರುವ ಒಟ್ಟು ಸಕ್ಕರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಇರಬೇಕು.